ಕೋಡಿ ತೀರದ ದೂರದರ್ಶಕ

ಕೋಡಿಯ ಕಡಲತೀರದಲ್ಲಿ ಮುಸ್ಸಂಜೆ ಒಬ್ಬ ಮೇಷ್ಟ್ರು ದೂರದರ್ಶಕದಲ್ಲಿ ಚಂದ್ರನನ್ನು ತೋರಿಸುತ್ತಿದ್ದರು. ಲಾವಾ ಹೆಪ್ಪುಗಟ್ಟಿದ ಕಪ್ಪು ಬಯಲು, ಅದರಂಚಿಗೆ ತಳ ಕಾಣದ ಕುಳಿಗಳು. ಅದರೊಳಗೆ ಬಿದ್ದೇನೆಂಬ ಭಯಕ್ಕೆ ನಾನು ದೂರದರ್ಶಕದ ಮುಕ್ಕಾಲಿ ಹಿಡಿದು ಅಲ್ಲಾಡಿಸಿ ಮೇಷ್ಟ್ರಿಂದ ಬೈಸಿಕೊಂಡೆ.

ಸಾಲಿನಲ್ಲಿ ನನ್ನ ಹಿಂದಿದ್ದ ಮೀನು ಮಾರುವ ಹೆಂಗಸಿಗೆ ಚಂದ್ರ ಬೇಕಿರಲಿಲ್ಲ. "ಮಾಷ್ಟ್ರೇ, ಒಂಚೂರ್ ಕಡ್ಲ್ ಬದಿಗ್ ತಿರ್ಗ್ಸಿ. ನಮ್ಮನಿಯವ್ರ್ ದೋಣಿ ಇನ್ನೂ ಬರ್ಲಿಲ್ಲ."

ತಿರುಗಿಸಿದರು. ಕಣ್ಣಿಟ್ಟವಳು, "ದೋಣಿ ಮಗ್ಚಿತ್" ಎಂದು ಮರಳಿನಲ್ಲಿ ಕುಸಿದಳು.

ನಾನೂ ನೋಡಿದೆ. ದೋಣಿ ನೀರಿನಿಂದ ಕೆಳಕ್ಕೆ ಜೋತುಬಿದ್ದಿತ್ತು. ಒಳಗಿನವರು ತಲೆಕೆಳಗಾಗಿ, ಸದ್ದಿಲ್ಲದೆ ಬಲೆ ಮಡಚುತ್ತಿದ್ದರು.

"ಇದ್ರಲ್ಲಿ ಎಲ್ಲ ಉಲ್ಟಾ ಕಾಣ್ತ್ ಅಕ್ಕ," ಎಂದರು ಮೇಷ್ಟ್ರು. ಚಂದ್ರನೂ ಉಲ್ಟಾ ಇದ್ದದ್ದು ನಮಗ್ಯಾರಿಗೂ ತಿಳಿದಿರಲಿಲ್ಲ.

ಅವಳು ನಂಬಲಿಲ್ಲ. ಗಂಡ ದಡಕ್ಕಿಳಿದಾಗ ಮೊದಲು ನೋಡಿದ್ದು, ಅವನ ಪಾದ ಪ್ರೇತಗಳಿಗಿರುವಂತೆ ಹಿಂದುಮುಂದಾಗಿದೆಯೇ ಎಂದು. ನಾನೂ ಬಗ್ಗಿ ನೋಡಿದೆ.