ಗೋಡೆಯ ಅತ್ತೆಗೆ ಇಲ್ಲದ ಕಣ್ಣೀರು

"ನಾನ್ ಯಾವತ್ತು ಅಳ್ತಾ ಕೂತಿದ್ದೆ ಸಾ?"

ಹೋದ ವಾರ ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯೊಂದರ ಮುಂದೆ ನನ್ನನ್ನು ತಡೆದು ಹೀಗೆ ಕೇಳಿದವರು ಪದ್ಮಾವತಮ್ಮ. ಮಂಡಿಯ ಯಜಮಾನಿ. ಪತ್ರಿಕೆಯ ಈ ಅಂಕಣದ ಮೇಲಿನ ಫೋಟೋದಿಂದ ನನ್ನ ಗುರುತು ಹಿಡಿದಿದ್ದರು.

ಅವರು ಕೇಳಿದ್ದು ತಮ್ಮದೇ ಚಿತ್ರದ ಬಗ್ಗೆ. ಮಂಡಿಯ ರಸ್ತೆ ಕಡೆಯ ಗೋಡೆಯ ಮೇಲೆ ಅವರ ಸೊಸೆ ಸುಪ್ರಿಯಾ, ಡ್ರಾಯಿಂಗ್ ಟೀಚರ್, ಆಳೆತ್ತರದ ಅತ್ತೆಯನ್ನು ಬಿಡಿಸಿದ್ದಳು. ಕಾಯಿಯೊಂದನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಕೂತ ಹೆಂಗಸು.

ಅದರ ಬಗ್ಗೆ ನೀವು ಇದೇ ಜಾಗದಲ್ಲಿ ಓದಿದ್ದೀರಿ. ಬೆಂಗಳೂರಿನಿಂದ ವಾಪಸ್ ಬರುವಾಗ ಬಸ್ಸಿನ ಕಿಟಕಿಯಿಂದ ನೋಡಿ, ಇಳಿಯದೆ, ಯಾರನ್ನೂ ಕೇಳದೆ ಬರೆದುಬಿಟ್ಟಿದ್ದೆ. "ಬದುಕಿನ ಭಾರವನ್ನು ಕೆನ್ನೆಗೊತ್ತಿಕೊಂಡು ಬಿಕ್ಕುತ್ತಿರುವ ಅನಾಮಿಕ ಕೂಲಿ ತಾಯಿ. ಅವಳ ಮುಚ್ಚಿದ ರೆಪ್ಪೆಯಡಿ ಒಂದು ಊರಿನ ಪಾಪ." (ಎಂಥಾ ಸಾಲು! ಮತ್ತೆ ಮತ್ತೆ ಓದಿಕೊಂಡು ಖುಷಿಪಟ್ಟಿದ್ದೆ.) ನೀವೂ ಅಷ್ಟೆ, ಫಾರ್ವರ್ಡ್ ಮಾಡಿದ್ದೇ ಮಾಡಿದ್ದು.

"ಕಾಯಿ ಗಿಟುಕಾಗಿದ್ಯೋ ಇಲ್ವೋ ಅಂತ ಅಲ್ಲಾಡ್ಸಿ ಕೇಳುಸ್ಕತಿದ್ದೆ ಕಣ್ ಸಾ. ಸದ್ದು ಚೆಂದಾಗ್ ಕೇಳ್ಲಿ ಅಂತ ಕಣ್ ಮುಚ್ಕತೀನಿ. ಈ ಊರ್ನಾಗೆ ಯಾರಿಗ್ ಗೊತ್ತಿಲ್ಲ ಅದು?"

ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡರೆ ಕಾಯಿ ಗಟಗಟ ಅನ್ನುತ್ತದೆ; ಅದೇ ಗಿಟುಕು. ನಾನೇನು ಪರದೇಶದವನೇ? ಹೊಳೆನರಸೀಪುರದವನು. ಅಮ್ಮ ಕಾಯಿ ಅಲ್ಲಾಡಿಸುವುದನ್ನು ನೋಡಿಕೊಂಡೇ ಬೆಳೆದವನು. ಆದರೂ ಬರೆಯಲು ಕೂತಾಗ ನನಗೆ ಕಾಯಿಗಿಂತ ಕಣ್ಣೀರೇ ಚೆನ್ನಾಗಿ ಕಂಡಿತು. ನಾಚಿಕೆಯಾಗುತ್ತದೆ.

ಇನ್ನೂ ದೊಡ್ಡ ಸೋಜಿಗ ಕೇಳಿ. ದಿನಾ ಆ ಗೋಡೆಯ ಮುಂದೆ ಓಡಾಡುತ್ತಿದ್ದ ಊರಿನವರೂ ಅಂಕಣ ಓದಿದ ಮೇಲೆ ಅಲ್ಲಿ ಕಣ್ಣೀರು ಕಂಡರಂತೆ! ಹಾಸನದ ನೆಂಟರು ಫೋನ್ ಮಾಡಿ, "ಸೊಸೆ ನೆಟ್ಗೆ ಊಟ ಆಕ್ತಾಳಾ?" ಎಂದು ಪದ್ಮಾವತಮ್ಮನನ್ನು ವಿಚಾರಿಸಿದ್ದಾರೆ. ಬಸದಿಯಲ್ಲಿ ಒಬ್ಬಾಕೆ ಸುಪ್ರಿಯಾಳ ಎದುರಿಗೇ ಅತ್ತೆಯ ಕೈ ಹಿಡಿದು ಸಮಾಧಾನ ಮಾಡಿದ್ದಾಳೆ. ಪ್ರೀತಿಯಿಂದ ಚಿತ್ರ ಬಿಡಿಸಿದ ಹುಡುಗಿ ಅತ್ತೆಯನ್ನು ಗೋಳು ಹುಯ್ದುಕೊಳ್ಳುವ ಸೊಸೆಯಾಗಿಬಿಟ್ಟಳು.

"ನನ್ ಪಕ್ದಾಗೆ ಕೂತ್ಕಂಡು, ನೋಡ್ ನೋಡಿ ಬರ್ದವ್ಳೆ ಸಾ. ಈಗ ಬಾಗ್ಲಿಗ್ ಬರಕ್ಕೂ ಮುಖ ಇಲ್ಲ ಅಂತಾಳೆ."

ನನ್ನ ಮುಖ ಎಲ್ಲಿಡಲಿ? "ತಪ್ಪಾಯ್ತಮ್ಮ. ಮುಂದಿನ ವಾರವೇ ಸರಿಮಾಡಿ ಬರೀತೀನಿ" ಎಂದೆ.

"ಬ್ಯಾಡಿ ಸಾ" ಅಂತ ಕೈ ಮುಗಿದುಬಿಟ್ಟರು. "ನೀವ್ ಇನ್ನೊಂದ್ಸಲ ಚೆಂದಾಗ್ ಬರುದ್ರೆ ಜನಕ್ಕೆ ಇನ್ನೇನ್ ಕಾಣ್ತದೋ!"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಬರವಣಿಗೆಗೆ ಹೆದರಿ ಒಬ್ಬರು ಕೈ ಮುಗಿಯುವುದೆಂದರೇನು? ಬರೆಯುವುದೇ ಬೇಡ ಎಂದುಕೊಂಡು ಸುಮ್ಮನಾದೆ.

ನಿನ್ನೆ ಓದುಗರೊಬ್ಬರು ಒಂದು ಫೋಟೋ ಕಳಿಸಿದರು. ಗೋಡೆಗೆ ಪೂರಾ ಸುಣ್ಣ. ಮಂಡಿಗೆ ಫೋನ್ ಮಾಡಿ ಕೇಳಿದೆ (ಈ ಸಲವಾದರೂ ಕೇಳಿದೆ). ಬಳಿದದ್ದು ಸುಪ್ರಿಯಾಳೇ. ಅತ್ತೆ ಬೇಡ ಬೇಡವೆಂದರೂ ಕೇಳಲಿಲ್ಲವಂತೆ.

ಫೋಟೋದ ಕೆಳಗೆ ಆ ಓದುಗರ ಮೆಸೇಜ್: "ಸರ್, ಬಡತಾಯಿಯ ಕಣ್ಣೀರು ನೋಡಲಾಗದೆ ಯಾರೋ ದೊಡ್ಡವರು ಸುಣ್ಣ ಹೊಡೆಸಿದ್ದಾರೆ. ಇದರ ಬಗ್ಗೆಯೂ ನಿಮ್ಮದೇ ಸ್ಟೈಲಲ್ಲಿ ಬರೀರಿ."

ಬರೀ ಗೋಡೆಯಲ್ಲೂ ಅವರಿಗೆ ಕಾಣುತ್ತಿರುವ ಆ ಕಣ್ಣೀರಿಗೆ ನಾನು ಯಾವ ಸುಣ್ಣ ಬಳಿಯಲಿ, ಹೇಳಿ?