ಮುಂದಿನ ಸಾಲಿನ ಕುರ್ಚಿ

ಆಫೀಸಿನವರೆಲ್ಲ ಅವರನ್ನು ಹಿಂದಿನಿಂದ ‘ಕುರ್ಚಿ ಸಾಹೇಬ್ರು’ ಎಂದೇ ಕರೆಯುತ್ತಿದ್ದರು. ಅಧಿಕಾರದ ಕುರ್ಚಿಯಲ್ಲ ಬಿಡಿ, ಅಂಥ ಭಾಗ್ಯ ಎಲ್ಲಿ! ತರಬೇತಿ ಹಾಲಿನ ಪ್ಲಾಸ್ಟಿಕ್ ಕುರ್ಚಿ. ಹೊರದೇಶಗಳಿಂದ ಸುತ್ತಲಿನ ಆಸ್ಪತ್ರೆಗಳಿಗೆ ಬರುವ ನೆರವನ್ನು ಒಂದಕ್ಕೊಂದು ಹೊಂದಿಸುವುದು ಅವರ ಕೆಲಸ. ಒಂದು ದೇಶ ಮಂಚ ಕೊಟ್ಟರೆ ಇನ್ನೊಂದು ದೇಶ ಹಾಸಿಗೆ ಕೊಡುತ್ತಿತ್ತು. ಹಾಸಿಗೆ ಮಂಚಕ್ಕಿಂತ ಗೇಣುದ್ದ ಹೆಚ್ಚು. ಅದನ್ನು ಮಡಚಿ ಹಾಸಿ, ಇಬ್ಬರಿಗೂ ಬೇರೆ ಬೇರೆ ಫೋಟೊ ಕಳಿಸಿ, ಯಾರಿಗೂ ಬೇಜಾರಾಗದಂತೆ ನೋಡಿಕೊಳ್ಳುವಷ್ಟು ಚಾಲಾಕಿತನ ಅವರಲ್ಲಿತ್ತು. ಆದರೆ ಕೊಡುವವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ತರಬೇತಿ. ಫೋಟೊದಲ್ಲಿ ಹಾಲ್ ತುಂಬಿ ಕಂಡರೆ ಮುಂದಿನ ವರ್ಷವೂ ನೆರವು ಖಾತ್ರಿ. ಹಾಗಾಗಿ ಒಂದು ಕುರ್ಚಿಯನ್ನೂ ಸಾಹೇಬರು ಖಾಲಿ ಬಿಡುತ್ತಿರಲಿಲ್ಲ.

ಆ ಸಲದ್ದು ಸುರಕ್ಷಿತ ಹೆರಿಗೆಯ ತರಬೇತಿ. ದೂರದ ಹಳ್ಳಿಯೊಂದರ ಪುಟ್ಟ ಆಸ್ಪತ್ರೆಯನ್ನು ಒಬ್ಬಳೇ ನಡೆಸುತ್ತಿದ್ದ ನರ್ಸಮ್ಮ ಹಿಂದಿನ ದಿನವೇ ಫೋನ್ ಮಾಡಿದ್ದಳು.

“ಸಾರ್, ಈ ಸಲ ನನ್ನ ಬಿಟ್ಬಿಡಿ. ಇಲ್ಲಿ ಒಬ್ಬಳಿಗೆ ದಿನ ತುಂಬಿದೆ. ನಾನು ಬಂದ್ರೆ ಬಾಗಿಲಿಗೆ ಬೀಗ ಹಾಕ್ಕೊಂಡೇ ಬರ್ಬೇಕು.”

“ಅಯ್ಯೋ, ಒಂದು ದಿನದಲ್ಲಿ ಏನು ಮುಳುಗಿಹೋಗುತ್ತಮ್ಮ?”

“ಹೋದ ತಿಂಗಳೂ ಹೀಗೇ ಅಂದ್ರಿ. ಕೈ ತೊಳೆಯೋದನ್ನ ಎಷ್ಟು ದೇಶದವರ ಹತ್ರ ಕಲೀಲಿ ಸಾರ್?”

“ಮುಂದಿನ ಸಾಲಲ್ಲಿ ನಿನ್ನ ಕುರ್ಚಿ ಖಾಲಿ ಇದ್ರೆ ನಾನು ಮೇಲಕ್ಕೆ ಬರೀಬೇಕಾಗುತ್ತೆ, ನೋಡು.”

ಅಷ್ಟಕ್ಕೆ ಅವಳು ಬರುತ್ತೇನೆಂದು ಫೋನ್ ಇಟ್ಟಳು. ದಿನ ತುಂಬಿರುವುದು ಯಾರಿಗೆ ಎಂದು ಸಾಹೇಬರು ಕೇಳಲೂ ಇಲ್ಲ. ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು!

ದಿನ ತುಂಬಿದ್ದು ಅವರದೇ ಜೀಪಿನ ಡ್ರೈವರನ ಹೆಂಡತಿಗೆ. ಅವನ ಮನೆ ಅದೇ ಹಳ್ಳಿಯಲ್ಲಿತ್ತು. ಮಾರನೆಯ ಬೆಳಿಗ್ಗೆ ನರ್ಸಮ್ಮನನ್ನು ಕರೆತಂದವನೂ ಅವನೇ. ಜೀಪು ಹತ್ತುವ ಮುಂಚೆ ಅವಳು, “ನಿಮ್ಮನೆಯವಳು ಹೇಗಿದಾಳಪ್ಪ? ಹೋಗ್ಲಾ ನಾನು?” ಎಂದು ಕೇಳಿದ್ದಳಂತೆ. “ಆರಾಮಾಗಿದಾಳೆ, ಹತ್ತಕ್ಕಾ” ಎಂದಿದ್ದನಂತೆ ಇವನು. ಮಧ್ಯಾಹ್ನ ನರ್ಸಮ್ಮ ಮುಂದಿನ ಸಾಲಲ್ಲಿ ಕೂತು, ರಬ್ಬರಿನ ಹೊಟ್ಟೆಯಿಂದ ರಬ್ಬರಿನ ಮಗುವನ್ನು ಹೊರತೆಗೆಯುವುದನ್ನು ನೋಡುತ್ತಿದ್ದಳು. ಅತ್ತ ಡ್ರೈವರನ ಹೆಂಡತಿ ಬೀಗ ಹಾಕಿದ ಬಾಗಿಲ ಮುಂದೆ, ನೆಲದ ಮೇಲೆ ನರಳುತ್ತಿದ್ದಳು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಥೂ, ಯಾವ ಬಾಯಿಂದ ಹೇಳುವುದು ಇದನ್ನು!

ಡ್ರೈವರ್ ಕೆಲವೇ ದಿನಗಳಲ್ಲಿ ಕೆಲಸಕ್ಕೆ ಬಂದ. ಜೀಪು ಓಡಿಸುವಾಗೆಲ್ಲ ಅದೇ ಮಾತು.

“ನಾನೇ ಸಾರ್, ನಾನೇ ಹತ್ತು ಅಂದೆ. ಬೇಡ ಅಂದಿದ್ರೆ ಅಕ್ಕ ಉಳ್ಕೋತಿದ್ರು. ನಮ್ಮನೆಯವಳು ನನ್ನ ಮುಖಾನೇ ನೋಡಲ್ಲ. ತಟ್ಟೆ ಇಡ್ತಾಳೆ, ಎದ್ದು ಹೋಗ್ತಾಳೆ.”

ಸಾಹೇಬರು ಕಿಟಕಿಯ ಕಡೆ ತಿರುಗಿ, “ಹಣೆಬರಹ ಕಣಪ್ಪ” ಎನ್ನುತ್ತಿದ್ದರು. ಎಂಥ ಹಣೆಬರಹ! ಬರೆದವರು ಪಕ್ಕದ ಸೀಟಿನಲ್ಲೇ ಕೂತಿದ್ದರಲ್ಲ. ಅವನು ಬೇಡ ಎಂದಿದ್ದರೂ ನರ್ಸಮ್ಮ ಬರಲೇಬೇಕಿತ್ತೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಮನೆಯಲ್ಲಿ ಮಗಳು ತನ್ನ ಕೂಸನ್ನು ತಂದು, “ಅಪ್ಪಾ, ಸ್ವಲ್ಪ ಹಿಡ್ಕೋ” ಎಂದರೆ, ಕೈ ತೊಳೆದು ಬರುತ್ತೇನೆಂದು ಎದ್ದು ಬಚ್ಚಲಿಗೆ ಹೋಗಿ ಸುಮ್ಮನೆ ನಿಂತುಬಿಡುತ್ತಿದ್ದರು. ನಾಚಿಕೆಗೆ ಹೊತ್ತು ಗೊತ್ತು ಇರಲಿಲ್ಲ. ಊಟಕ್ಕೆ ಕೂತರೂ ಬರುತ್ತಿತ್ತು, ಕನ್ನಡಿ ನೋಡಿದರೂ ಬರುತ್ತಿತ್ತು.

ಮುಂದಿನ ತರಬೇತಿ ಬಂತು. ಡ್ರೈವರ್ ಜೀಪಿನ ಕೀಲಿ ಹಿಡಿದು ಮೇಜಿನ ಮುಂದೆ ನಿಂತ. “ನರ್ಸಕ್ಕನ್ನ ಕರ್ಕೊಂಡ್ ಬರ್ಲಾ ಸಾರ್?”

ಸಾಹೇಬರು ಕೈಯಲ್ಲಿದ್ದ ಪಟ್ಟಿಯನ್ನು ಕೆಳಗಿಟ್ಟರು.

“ಬೇಡ. ಕೇಳಪ್ಪ ಇಲ್ಲಿ. ಅವತ್ತು ನೀನು ಬೇಡ ಅಂದಿದ್ರೂ ಅವಳು ಬರ್ಲೇಬೇಕಿತ್ತು. ಒಬ್ಬಳಿಗೆ ದಿನ ತುಂಬಿದೆ, ಬಿಟ್ಬಿಡಿ ಅಂತ ಬೇಡ್ಕೊಂಡ್ಲು. ನಾನೇ ಹೆದರಿಸಿ ಕರೆಸ್ದೆ, ಒಂದು ಕುರ್ಚಿಗೋಸ್ಕರ. ತಪ್ಪು ನಿಂದಲ್ಲ, ನಂದು.”

ಹೊಡೆಯುತ್ತಾನೆ ಎಂದುಕೊಂಡರು. ಹೊಡೆದಿದ್ದರೆ ಎದೆ ಹಗುರಾಗುತ್ತಿತ್ತೇನೋ. ಅವನು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲ ಕಡೆ ತಿರುಗಿದ.

“ನನಗೆ ಹೇಳಿದ್ರೆ ಏನ್ ಬಂತು ಸಾರ್? ನಮ್ಮನೆಯವಳಿಗೆ ಹೇಳಿ, ಬನ್ನಿ.”

ಇಬ್ಬರೂ ಜೀಪು ಹತ್ತಿ ಹಳ್ಳಿಗೆ ಹೊರಟರು. ಮನೆಯ ಮುಂದೆ ಜೀಪು ನಿಂತದ್ದೇ ಅವನ ಹೆಂಡತಿ ಹೊರಗೆ ಬಂದಳು. ಗಂಡನ ದೊಡ್ಡ ಸಾಹೇಬರು ಮನೆ ಬಾಗಿಲಿಗೆ ಬಂದಿದ್ದಾರೆ! ಒಳಗಿದ್ದ ಒಂದೇ ಕುರ್ಚಿಯನ್ನು ತಂದು, ಬಟ್ಟೆಯಿಂದ ಒರೆಸಿ ಇಟ್ಟಳು.

“ಕೂತ್ಕೊಳ್ಳಿ ಸಾರ್. ಇಷ್ಟು ದೂರ ಬಂದಿದೀರ.”

“ಇಲ್ಲಮ್ಮ, ನಿಂತೇ ಹೇಳ್ತೀನಿ.”

ಹೇಳಿದರು. ಫೋನಿನಲ್ಲಿ ಆಡಿದ ಮಾತನ್ನೆಲ್ಲ ಹೇಳಿದರು; ಯಾರಿಗೆ ದಿನ ತುಂಬಿದೆ ಎಂದು ತಾವು ಕೇಳಲೇ ಇಲ್ಲವೆಂಬುದನ್ನೂ ಹೇಳಿದರು. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಬಗ್ಗಿ ಕುರ್ಚಿಯನ್ನು ಎತ್ತಿಕೊಂಡಳು. ಹೊಸಿಲ ಹತ್ತಿರ ನಿಂತು ತಿರುಗಿ, ಗಂಡನ ಮುಖ ನೋಡಿದಳು.

“ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ? ಬನ್ನಿ ಒಳಗೆ.”

ಅವನು ಒಳಗೆ ಹೋದ. ಬಾಗಿಲು ಹಾಕಿಕೊಂಡಿತು. ಜೀಪಿನ ಕೀಲಿ ಅವನ ಹತ್ತಿರವೇ ಇತ್ತು. ಸಾಹೇಬರು ಹೊರಗೆ ನಿಂತು ಕಾದರು.