ರಾಜಧಾನಿಯ ಬಾಗಿಲಿಗೆ ಹೋದ ದಿಮ್ಮಿ

ಭುವನೇಶ್ವರಕ್ಕೆ ನಾನು ಜೀವಮಾನದಲ್ಲಿ ಒಮ್ಮೆ ಮಾತ್ರ ಹೋಗಿದ್ದೇನೆ. ಮಗಳ ಮನೆಯವರ ಜೊತೆ ಪುರಿ ಯಾತ್ರೆಗೆ ಹೊರಟಿದ್ದೆ. ಅವರೆಲ್ಲ ಗುಡಿಗಳನ್ನು ನೋಡಿದರು. ನಾನು ಹೊಸ ಊರಿನ ಸರಕಾರಿ ಕಟ್ಟಡಗಳ ಬಾಗಿಲುಗಳನ್ನು ನೋಡಿದೆ. ಸಾಗವಾನಿ ಕಂಡಲ್ಲೆಲ್ಲ ನಿಂತು ಅಂಗೈಯಿಂದ ಸವರುತ್ತಿದ್ದೆ. ಒಂದು ಕಚೇರಿಯ ಜವಾನ, ಮುದುಕನಿಗೆ ತಲೆ ತಿರುಗಿರಬೇಕು ಎಂದುಕೊಂಡು, ಕೂರಲು ಸ್ಟೂಲು ತಂದುಕೊಟ್ಟ. ಅಳಿಯ ನಾಚಿಕೆಯಿಂದ ಆಚೆ ತಿರುಗಿ ನಿಂತಿದ್ದ. ನಾನು ಹುಡುಕುತ್ತಿದ್ದ ಬಾಗಿಲು ಯಾವುದೆಂದು ಗೊತ್ತಾಗಲೇ ಇಲ್ಲ. ಬಣ್ಣ ಬಳಿದ ಮೇಲೆ ಎಲ್ಲ ಮರವೂ ಒಂದೇ.

ಸ್ವಾತಂತ್ರ್ಯ ಬಂದ ಎರಡನೇ ವರ್ಷ ನಾನು ದಾಂಡೇಲಿಯಲ್ಲಿ ಒಬ್ಬ ಗುತ್ತಿಗೆದಾರರ ನಾಟಾ ಅಡ್ಡೆಯಲ್ಲಿ ಕಾರಕೂನನಾಗಿದ್ದೆ. ಕಾಡಿನಿಂದ ಆನೆ ಎಳೆದು ತಂದ ದಿಮ್ಮಿಗಳನ್ನು ಅಳೆದು ಬರೆದುಕೊಳ್ಳುವುದು, ಕೊಯ್ದ ಹಲಗೆಗಳನ್ನು ಅಳ್ನಾವರಕ್ಕೆ ಹೋಗುವ ರೈಲಿನ ಡಬ್ಬಿಗೆ ಏರಿಸುವುದು, ಇಷ್ಟು ನನ್ನ ಕೆಲಸ. ವಯಸ್ಸು ಇಪ್ಪತ್ತೆರಡು. ಹಳಿಯಾಳದಲ್ಲಿ ವಿಧವೆ ತಾಯಿ, ಮದುವೆಗೆ ಬಂದ ತಂಗಿ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಓದಬಲ್ಲೆ ಎಂಬ ಜಂಬ ಮೈತುಂಬ ಇತ್ತು.

ಆ ಜಂಬಕ್ಕೆ ತಕ್ಕಂತೆ ಒಂದು ಕಾಗದವೂ ಬಂದಿತು. ಒರಿಸ್ಸಾ ಪ್ರಾಂತ್ಯಕ್ಕೆ ಹೊಸದಾಗಿ ರಾಜಧಾನಿ ಕಟ್ಟುತ್ತಿದ್ದಾರೆ, ಅಲ್ಲಿನ ಯಾವುದೋ ದೊಡ್ಡ ಕಟ್ಟಡದ ಮುಂಬಾಗಿಲಿಗೆ ದಾಂಡೇಲಿಯ ಸಾಗವಾನಿ ಬೇಕು ಎಂದು ನಮ್ಮ ಸಾವ್ಕಾರರಿಗೆ ಬೇಡಿಕೆ ಬಂದಿತ್ತು. ಅದರ ಜೊತೆಗೆ ಊರಿನ ನಕ್ಷೆಯ ಒಂದು ನೀಲಿ ಪ್ರತಿ. ನಾನು ಅದನ್ನು ಕಚೇರಿಯ ಗೋಡೆಗೆ ಮೊಳೆ ಹೊಡೆದು ಹಾಕಿದೆ. ಬಯಲಿನಲ್ಲಿ ನೇರ ಗೆರೆ ಎಳೆದ ರಸ್ತೆಗಳು, ಸಾಹೇಬರಿಗೆ ಒಂದು ಓಣಿ, ಗುಮಾಸ್ತರಿಗೆ ಇನ್ನೊಂದು, ಶಾಲೆಗೊಂದು ಜಾಗ, ಸಂತೆಗೊಂದು ಜಾಗ. ಊರು ಹುಟ್ಟುವ ಮೊದಲೇ ಅದರ ಜಾತಕ ಬರೆದಿಟ್ಟಿದ್ದರು. ಗುಮಾಸ್ತರ ಓಣಿಯಲ್ಲಿ ಒಂದು ಮನೆಯನ್ನು ನಾನು ಆಗಲೇ ಆರಿಸಿಕೊಂಡಿದ್ದೆ.

ಕೊಯ್ಯುವವರ ಗುಂಪಿಗೆ ಹಿರಿಯನಾಗಿದ್ದವನು ಹಳಿಯಾಳ ಕಡೆಯ, ಸಿದ್ದಿ ಜನಾಂಗದ ಒಬ್ಬ. ನಾನು ಕಾಕಾ ಎನ್ನುತ್ತಿದ್ದೆ, ಅವನು ನನ್ನನ್ನು ತಮ್ಮಾ ಎನ್ನುತ್ತಿದ್ದ. ದಿಮ್ಮಿಯ ಮೇಲೆ ನಿಂತು ಗರಗಸ ಎಳೆದರೆ ಗೆರೆಯಿಂದ ಒಂದು ಎಳೆಯೂ ಆಚೀಚೆ ಹೋಗುತ್ತಿರಲಿಲ್ಲ. ಒಂದು ದಿನ ಅವನು ನಕ್ಷೆಯ ಮುಂದೆ ಬಂದು ನಿಂತ. ನಾನು ಬೆರಳಿಟ್ಟು ಎಲ್ಲ ತೋರಿಸಿದೆ. ಅವನು ಗಮನವಿಟ್ಟು ಕೇಳಿದ.

"ಎಲ್ಲಾ ಛಂದ ಐತಿ, ತಮ್ಮಾ. ಹಿರೇರ ಜಾಗಾ ಎಲ್ಲೈತಿ?"

"ಯಾವ ಹಿರೇರು, ಕಾಕಾ? ಊರೇ ಇನ್ನ ಕಟ್ಟಿಲ್ಲ."

"ಅದಕ್ಕೇ ಕೇಳಿದೆ. ಹಿರೇರ ಇಲ್ಲದ ಊರಾಗ ತಪ್ಪು ಮಾಡಿದ್ರ ಯಾರಿಗೆ ಅಂಜತಾರ?"

ನಾನು ನಕ್ಕುಬಿಟ್ಟೆ. ಅವನೂ ನಕ್ಕ.

ಕಾಕಾನ ಜನರಲ್ಲಿ ಒಂದು ಪದ್ಧತಿ ಇತ್ತು. ಬಹಳ ದೊಡ್ಡ ಮರ ಕೊಯ್ಯುವ ಮುಂಚೆ ಬುಡದ ಕಡೆಯಿಂದ ಮೂರು ಬೆರಳು ದಪ್ಪದ ಒಂದು ಬಿಲ್ಲೆ ಕತ್ತರಿಸಿ, ಹೊಳೆಯ ದಂಡೆಯ ಮತ್ತಿ ಮರದ ಕೆಳಗೆ ತಮ್ಮ ತೀರಿಹೋದ ಹಿರಿಯರ ಕಲ್ಲಿನ ಮುಂದೆ ಇಟ್ಟು ಕಾಯಿ ಒಡೆಯುತ್ತಿದ್ದರು. ಒಮ್ಮೆ ಇಟ್ಟಿದ್ದನ್ನು ಯಾರೂ ಮುಟ್ಟುವಂತಿಲ್ಲ. ಗೆದ್ದಲು ತಿಂದು ಮಣ್ಣಾಗಬೇಕು. ತೊಡಕು ಏನೆಂದರೆ, ಅರಣ್ಯ ಇಲಾಖೆಯ ಸುತ್ತಿಗೆ ಮುದ್ರೆಯೂ ಬೀಳುವುದು ಬುಡಕ್ಕೇ. ಮುದ್ರೆ ಇಲ್ಲದ ದಿಮ್ಮಿ ಕಳ್ಳ ನಾಟಾ. ಆದ್ದರಿಂದ ಬಿಲ್ಲೆ ತೆಗೆಯುವ ಮೊದಲು ಕಾಕಾ ನನ್ನನ್ನು ಕೇಳುತ್ತಿದ್ದ. ನಾನು ಫಾರೆಸ್ಟ್ ಗಾರ್ಡನನ್ನು ಕರೆಸಿ ತುದಿಗೆ ಇನ್ನೊಂದು ಮುದ್ರೆ ಹೊಡೆಸುತ್ತಿದ್ದೆ. ಎಂದೂ ತಪ್ಪಿರಲಿಲ್ಲ.

ರಾಜಧಾನಿಯ ದಿಮ್ಮಿ ಬಂದ ದಿನ ಗಾರ್ಡ್ ಜೊಯಿಡಾ ಕಡೆ ಹೋಗಿದ್ದ. ಸಾವ್ಕಾರರು ಬೆಳಿಗ್ಗೆಯಿಂದ "ಡಬ್ಬಿ ಬಂದು ನಿಂತೈತಿ, ಡಬ್ಬಿ ಬಂದು ನಿಂತೈತಿ" ಎಂದು ಜಪ ಮಾಡುತ್ತಿದ್ದರು. ಕಾಕಾ ಬಾಗಿಲಲ್ಲಿ ನಿಂತು ಕೇಳಿದ. "ಬಿಲ್ಲೆ ತಗೀಲ್ಯಾ, ತಮ್ಮಾ? ಎರಡನೇ ಮುದ್ರೆ ಆಗಿಲ್ಲ." ನಾನು ಕಾಗದದಿಂದ ತಲೆ ಎತ್ತಲಿಲ್ಲ. "ಕೊಯ್ಯಿ ಕಾಕಾ. ನಾಳೆ ಹೊಡಸ್ತೇನಿ." ಇಷ್ಟೇ ಹೇಳಿದ್ದು. ಬೇರೆ ಯಾರೂ ಕೇಳಿಸಿಕೊಳ್ಳಲಿಲ್ಲ. ಅದನ್ನು ಕೇಳಿದವರು ನಾವಿಬ್ಬರೇ ಎಂಬುದು ಆಮೇಲೆ ನನಗೆ ದೊಡ್ಡ ಆಸರೆಯಾಯಿತು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮರುದಿನ ಗಾರ್ಡ್ ಬರುವ ಮೊದಲು ರೇಂಜರ್ ಸಾಹೇಬರು ಬಂದರು. ಹೇಳದೆ ಕೇಳದೆ ತಪಾಸಣೆ. ನೇರ ದೊಡ್ಡ ದಿಮ್ಮಿಯ ಹತ್ತಿರ ಹೋಗಿ ಬುಡ ನೋಡಿದರು, ತುದಿ ನೋಡಿದರು, ಬೆತ್ತದಿಂದ ಒಮ್ಮೆ ಬಡಿದರು. ಗರಗಸದ ಸದ್ದು ನಿಂತಿತು.

"ಮುದ್ರೆ ಎಲ್ಲೈತ್ರಿ?"

ಕಾಕಾ ನನ್ನ ಕಡೆ ನೋಡಿದ. ನಾನು ಕೈಯಲ್ಲಿದ್ದ ಅಳತೆ ಪಟ್ಟಿಯನ್ನು ಸುತ್ತತೊಡಗಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಅದನ್ನೂ ಮಾಡಲಿಲ್ಲ. ನನ್ನ ಹೆಗಲೇ ಅಲ್ಲವೆಂಬಂತೆ ನಿಂತಿದ್ದೆ.

"ಮುದ್ರೆ ಬಿಲ್ಲೆದಾಗ ಹೋಗೇತ್ರಿ, ಸಾಹೇಬರ," ಎಂದ ಕಾಕಾ. "ಹಿರೇರ ಮುಂದ ಇಟ್ಟೇನಿ."

ಸಾಹೇಬರು ನಂಬಲಿಲ್ಲ. ಆ ವಾರ ಕಾಡಿನಲ್ಲಿ ಒಂದು ದೊಡ್ಡ ಸಾಗವಾನಿ ಕಳುವಾಗಿತ್ತಂತೆ. ಇದು ಅದೇ ಮರ, ಕೊಯ್ದವನೇ ಕದ್ದವನು ಎಂದರು. ಮಧ್ಯಾಹ್ನದೊಳಗೆ ಮುದ್ರೆ ಕಣ್ಣಿಗೆ ಬೀಳದಿದ್ದರೆ ಅವನನ್ನು ಹಳಿಯಾಳದ ಪೊಲೀಸರ ಕೈಗೆ ಕೊಡುವುದೆಂದು ಹೇಳಿ, ತಮ್ಮ ಜೊತೆ ಬಂದಿದ್ದ ಇಬ್ಬರು ಗಾರ್ಡುಗಳನ್ನು ಅವನ ಎರಡೂ ಪಕ್ಕಕ್ಕೆ ನಿಲ್ಲಿಸಿದರು. ಗುಂಪಿನವರೆಲ್ಲ ಗರಗಸ ಕೆಳಗಿಟ್ಟು ಎದ್ದು ನಿಂತರು.

"ಆ ಬಿಲ್ಲೆ ತರಸ್ರಿ," ಎಂದರು ಸಾವ್ಕಾರರು.

"ತರಾಕ ಬರೂದಿಲ್ರಿ. ಹಿರೇರಿಗೆ ಕೊಟ್ಟದ್ದು ತಿರುಗಿ ಬರೂದಿಲ್ಲ."

"ಜೇಲಿಗೆ ಹೋಗ್ತೀಯೇನೋ, ಹುಚ್ಚಾ?"

"ಹೋಗ್ತೇನ್ರಿ. ಅದನ್ನ ಮುಟ್ಟಾಂಗಿಲ್ಲ."

ಬಾಯಿ ಬಿಡಲು ಅದೇ ಸಮಯವಾಗಿತ್ತು. ಕೊಯ್ಯಲು ಹೇಳಿದವನು ನಾನು, ಮುದ್ರೆಯನ್ನು ನನ್ನ ಕಣ್ಣಾರೆ ನೋಡಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ ಎನ್ನಬಹುದಿತ್ತು. ತಾಯಿ, ತಂಗಿ, ಕೆಲಸ ಎಂದು ಒಳಗೇ ಲೆಕ್ಕ ಹಾಕುತ್ತ ನಿಂತೆ. ಹೇಡಿಗೆ ಕಾರಣಗಳ ಬರವೇ?

ಕೊನೆಗೆ ಉಪಾಯ ಹೇಳಿದವನೂ ಕಾಕಾನೇ. "ಬಿಲ್ಲೆ ಇಲ್ಲಿಗೆ ಬರೂದಿಲ್ಲ, ಸಾಹೇಬರ. ದಿಮ್ಮೀನೇ ಅಲ್ಲಿಗೆ ಹೋಗಲಿ. ಆನಿ ಐತೆಲ್ಲ. ಬರ್ರಿ, ಎಲ್ಲಾರೂ ಕೂಡಿ ಹೋಗೂಣು. ಬಿಲ್ಲೆ ಹೊಂದಿದ್ರ ಬಿಡ್ರಿ. ಹೊಂದಲಿಲ್ಲಾ, ಬೇಡಿ ಹಾಕ್ರಿ."

ಸಾಹೇಬರಿಗೆ ಇದು ತಮಾಷೆಯಾಗಿ ಕಂಡಿತೋ ಏನೋ, ಒಪ್ಪಿದರು. ಆನೆಗೆ ಸರಪಳಿ ಕಟ್ಟಿದರು. ರಾಜಧಾನಿಗೆ ಹೋಗಬೇಕಾಗಿದ್ದ ದಿಮ್ಮಿ ರೈಲಿನ ಕಡೆ ಬೆನ್ನು ಮಾಡಿ ಹೊಳೆಯ ಕಡೆ ಹೊರಟಿತು. ಹಿಂದೆ ಸಾಹೇಬರು, ಸಾವ್ಕಾರರು, ಗಾರ್ಡುಗಳ ನಡುವೆ ಕಾಕಾ, ಅವನ ಗುಂಪು, ಎಲ್ಲರಿಗಿಂತ ಹಿಂದೆ ನಾನು. ಎರಡು ಫರ್ಲಾಂಗು ದಾರಿ. ಅಷ್ಟರಲ್ಲಿ ನಾನು ಹೆದರಿದಷ್ಟು ಮತ್ತೆಂದೂ ಹೆದರಿಲ್ಲ. ಬಿಲ್ಲೆಯನ್ನು ಯಾರಾದರೂ ಒಲೆಗೆ ಒಯ್ದಿದ್ದರೆ? ಮುದ್ರೆ ಇದ್ದ ಮೈಯನ್ನು ಕೊಯ್ಯುವವರೇ ಕೆತ್ತಿ ತೆಗೆದಿದ್ದರೆ? ಹೊಂದದೆ ಹೋದರೆ ನಾನು ಬಾಯಿ ಬಿಡುತ್ತೇನೆಯೇ? ಇಲ್ಲ ಎಂದು ನನಗೆ ನಡೆಯುವಾಗಲೇ ತಿಳಿದಿತ್ತು.

ಬಿಲ್ಲೆ ಇತ್ತು. ಕಲ್ಲಿಗೆ ಆನಿಸಿ ನಿಲ್ಲಿಸಿದ್ದರು. ಮೇಲೆಲ್ಲ ಎಣ್ಣೆ, ಕುಂಕುಮ, ಮುದ್ರೆಯ ಗುರುತೇ ಇಲ್ಲ. ಸಾಹೇಬರು ಕೈ ಮುಂದೆ ಮಾಡಿದರು. "ಮುಟ್ಟಬ್ಯಾಡ್ರಿ," ಎಂದು ಗುಂಪಿನ ಹಿಂದೆ ಬಂದಿದ್ದ ಒಬ್ಬ ಮುದುಕಿ ಕೂಗಿದಳು. ಸಾಹೇಬರು ಕೈ ಹಿಂದೆಳೆದುಕೊಂಡಿದ್ದು ನನಗೆ ಇಂದಿಗೂ ಆಶ್ಚರ್ಯ. ಕಾಕಾ ಬಗ್ಗಿ, ಬಿಲ್ಲೆಯನ್ನು ಮುಟ್ಟದೆ, ಬಾಯಿಂದ ಉಫ್ ಎಂದು ಊದಿದ. ಮೇಲುದುರಿಸಿದ್ದ ಒಣ ಕುಂಕುಮ ಹಾರಿತು. ಎಣ್ಣೆಯಲ್ಲಿ ನೆನೆದು ಕಪ್ಪಾಗಿದ್ದ ಸುತ್ತಿಗೆ ಮುದ್ರೆ ಕಂಡಿತು. ಆನೆ ದಿಮ್ಮಿಯನ್ನು ಒಂದು ಮಾರು ತಳ್ಳಿ, ಅದರ ಬುಡವನ್ನು ಬಿಲ್ಲೆಯ ಪಕ್ಕಕ್ಕೆ ತಂದು ನಿಲ್ಲಿಸಿತು. ತಿರುಳಿನ ಸೀಳು ಇದರಲ್ಲಿ ಹೇಗಿತ್ತೋ ಅದರಲ್ಲೂ ಹಾಗೇ ಇತ್ತು. ಸಾಹೇಬರು ಕುಕ್ಕುರುಗಾಲಲ್ಲಿ ಕೂತು ಉಂಗುರಗಳನ್ನು ಬಹಳ ಹೊತ್ತು ನೋಡಿದರು.

"ಕಳುವು ಅಲ್ಲ," ಎಂದು ಎದ್ದರು. ಆದರೆ ಅವರು ಮುಗಿಸಿರಲಿಲ್ಲ. "ಖರೆ, ಎರಡನೇ ಮುದ್ರೆ ಬೀಳೂಕಿಂತ ಮೊದಲ ಇದನ್ನ ಕತ್ತರಸಾಕ ಯಾರು ಹೇಳಿದ್ರು?"

ಸಾವ್ಕಾರರು ಕಾಕಾನನ್ನು ನೋಡಿದರು. ಕಾಕಾ ನನ್ನನ್ನು ನೋಡಿದ. ಈ ಸಲ ನನಗೆ ಸುತ್ತಿಕೊಳ್ಳಲು ಪಟ್ಟಿಯೂ ಇರಲಿಲ್ಲ. ನಾನು ಆನೆಯ ಕಾಲನ್ನು ನೋಡಿದೆ.

"ಯಾರೂ ಹೇಳಿಲ್ರಿ," ಎಂದ ಅವನು. "ನಾನೇ ಕೊಯ್ದೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಾಹೇಬರನ್ನು ಒಲಿಸಿಕೊಳ್ಳಬೇಕಾಗಿದ್ದ ಸಾವ್ಕಾರರು ಅಲ್ಲೇ, ಆ ಕಲ್ಲಿನ ಮುಂದೆಯೇ, ಇವತ್ತೇ ಅಡ್ಡೆ ಬಿಟ್ಟು ನಡೆ ಎಂದರು. ಅವನ ಗುಂಪು ಅವನಿಲ್ಲದೆ ಗರಗಸ ಹಿಡಿಯುವುದಿಲ್ಲ ಎಂದಿತು. ಎಲ್ಲರೂ ಹೊರಟರು. ಮತ್ತಿ ಮರದ ಕೆಳಗೆ ಬಿಲ್ಲೆ ಉಳಿಯಿತು. ದಿಮ್ಮಿಗೆ ಹೊಸ ಮುದ್ರೆ ಬಿದ್ದಿತು, ಬೇರೆ ಯಾರೋ ಕೊಯ್ದರು, ಮೂರನೆಯ ದಿನ ಡಬ್ಬಿಗೆ ಏರಿಸಿ ನಾನೇ ಸಹಿ ಹಾಕಿದೆ. ಗೋಡೆಯ ನಕ್ಷೆಯನ್ನು ಆಮೇಲೆ ಕಿತ್ತು ಹಾಕಿದೆ. ಗುಮಾಸ್ತರ ಓಣಿಯ ಆ ಮನೆ ನೋಡಿದರೆ ಮೈ ಉರಿಯುತ್ತಿತ್ತು.

ಅವರು ಹೊರಟ ಸಂಜೆ ನಾನು ಹಳಿಯಾಳದ ದಾರಿಯವರೆಗೆ ಹಿಂದೆ ಓಡಿದ್ದೆ. ಕಾಕಾ ಹೆಗಲ ಮೇಲೆ ಗರಗಸ ಹೊತ್ತು ಎಲ್ಲರ ಹಿಂದೆ ನಡೆಯುತ್ತಿದ್ದ. ಏದುಸಿರು ಬಿಡುತ್ತ ಅವನ ಮುಂದೆ ನಿಂತೆ. ತಪ್ಪಾಯಿತು ಎನ್ನಬೇಕೆಂದಿದ್ದೆ. ಅದರ ಬದಲು, "ನನ್ನ ಹೆಸರು ಯಾಕ ಹೇಳಲಿಲ್ಲ, ಕಾಕಾ?" ಎಂದು ಕೇಳಿದೆ. ಆಗಲೂ ಅವನೇ ಸಮಾಧಾನ ಹೇಳಲಿ ಎಂಬ ಆಸೆ.

ಅವನು ಗರಗಸವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ. ಸಿಟ್ಟಿರಲಿಲ್ಲ.

"ಹೇಳೂದು ನಿನ್ನ ಕೆಲಸ ಇತ್ತು, ತಮ್ಮಾ. ನಾ ಮೂರು ಸಲ ನಿನ್ನ ಕಡೆ ನೋಡಿದೆ."

ಎರಡು ನನಗೆ ಗೊತ್ತಿದ್ದವು. ಮೂರನೆಯ ಸಲ ಅವನು ಯಾವಾಗ ನೋಡಿದ ಎಂದು ಕೇಳಲು ಬಾಯಿ ಬರಲಿಲ್ಲ. ಅವನು ನಡೆದು ಹೋದ.